ಮೂರನೇ ಮುಳುಗು

ಆ ವರ್ಷ ಏಪ್ರಿಲ್ ಬಂದದ್ದೇ ತಡ
ಅಮ್ಮ ಬನ್ನಿಮಂಟಪದ ಮನೆಯ ತಾರಸಿಗೆ
ಅಪ್ಪನ ಹಳೇ ಪಂಚೆ ಹಾಸಿದಳು.
ಸಬ್ಬಕ್ಕಿ ಸಂಡಿಗೆ, ಬಾಳಕದ ಮೆಣಸಿನಕಾಯಿ,
ಕಾಗೆ ಕಾಯಲು ನಾನು, ಒಂದು ಕಡ್ಡಿ ಮುರಿದ ಕೊಡೆ ಹಿಡಿದು.
ವರ್ಷಕ್ಕಾಗುವಷ್ಟು ಕಾಳುಕಡ್ಡಿ ಕೂಡಿಡಿ
ಎಂದು ಸಭೆಯಲ್ಲಿ ಹೇಳಿದ್ದರು.
"ಇದನ್ನ ಹೇಳೋಕೆ ಅಮೆರಿಕದಿಂದ ಬರಬೇಕಿತ್ತಾ?
ನಮ್ಮತ್ತೆ ಮಾಡ್ತಿದ್ದದ್ದೂ ಇದೇ" ಅಂದಳು.
ಅಂದರೂ ಡಬ್ಬಿಗಳ ಮೇಲೆ ತಾರೀಖು ಬರೆದು ಅಂಟಿಸಿದಳು.

ಮಾರ್ಮನ್ನರು ನಾವು.
"ಮಾರ್ವಾಡಿಗಳಾ?" ಕೇಳಿದ್ದರು ಹಿಂದಿನ ಬೀದಿ ಸಾವಂದಮ್ಮ,
"ಹಂಗಾದ್ರೆ ಒಡವೆ ಅಡ ಇಟ್ಕೋತೀರಾ?"
ಅಪ್ಪ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್.
ಭಾನುವಾರದ ಬಿಳಿ ಅಂಗಿಗೂ, ಟೈಗೂ
ಉಗುರಿನೊಳಗಿನ ಗ್ರೀಸ್ ಹೆದರುತ್ತಿರಲಿಲ್ಲ.

ಸೋಮವಾರ ಸಂಜೆ ಟೀವಿ ಆರಿಸಿ ಚಾಪೆ ಹಾಸಿ
ಮನೆಮಂದಿಯೆಲ್ಲ ಒಂದು ಹಾಡು, ಒಂದು ಪಾಠ,
ಆಮೇಲೆ ಚೌಕಾಬಾರ.
ತಮ್ಮ ಹನೋಕ ಕವಡೆಯನ್ನು ಹೆಬ್ಬೆರಳಲ್ಲಿ ತಿರುವಿ
ಅಷ್ಟಾ ಎಂದು ಕೂಗುತ್ತಿದ್ದ,
ಪಾಠ ಪ್ರಾಮಾಣಿಕತೆಯದಾಗಿದ್ದ ದಿನವೂ.

ಕಾಫಿ ಇಲ್ಲ ನಮ್ಮಲ್ಲಿ. ಟೀಯೂ ಇಲ್ಲ.
ಆದರೆ ಬೀದಿ ತುದಿಯ ಅಂಗಡಿಯಲ್ಲಿ ಬೀಜ ಹುರಿಯುವ ಹೊತ್ತಿಗೆ
ಅಪ್ಪನ ಸೈಕಲ್ಲು ತಾನಾಗಿ ನಿಧಾನವಾಗುತ್ತಿತ್ತು.
ವಾಸನೆಗೆ ಯಾರೂ ಬೇಡವೆಂದಿರಲಿಲ್ಲ.

ಮೇ ತಿಂಗಳಲ್ಲಿ ಹನೋಕನಿಗೆ ಎಂಟು ತುಂಬಿತು.
ಎಂಟಕ್ಕೆ ದೀಕ್ಷಾಸ್ನಾನ.
ಶನಿವಾರ ಬೆಳಿಗ್ಗೆ ಯಾರದೋ ಓಮ್ನಿ,
ಅದರೊಳಗೆ ಒಂಬತ್ತು ಜನ, ಒಂದು ಕಲ್ಲಂಗಡಿ,
ರಾಜಮಂಡ್ರಿಯ ಒಬ್ಬ ಎಲ್ಡರ್, ಅವನ ಜೋಡಿಗೆ ಇನ್ನೊಬ್ಬ,
ಇಬ್ಬರಿಗೂ ಮೀಸೆ ಸರಿಯಾಗಿ ಬಂದಿಲ್ಲ,
ಎದೆಯ ಮೇಲೆ ಮಾತ್ರ ಕರಿ ಹಲಗೆಯಲ್ಲಿ ಹೆಸರು.
ಮುಂದಿನ ಸೀಟಲ್ಲಿ ಮಾರ್ತಮ್ಮಜ್ಜಿ, ಫ್ಲಾಸ್ಕಿನ ಸಮೇತ.
ಅಜ್ಜಿ ಹಳೇ ಚರ್ಚನ್ನು ಬಿಟ್ಟಿರಲಿಲ್ಲ,
ಫ್ಲಾಸ್ಕನ್ನಂತೂ ಬಿಡುವ ಮಾತೇ ಇಲ್ಲ.

ಬೆಳಗೊಳ ದಾಟಿ, ಕಬ್ಬಿನ ಗದ್ದೆ ಬಳಸಿ ಕಾವೇರಿ.
ಬೇಸಿಗೆಯ ಹೊಳೆ. ಸೊಂಟದ ಮಟ್ಟ.
ಬಂಡೆಯ ಮೇಲೆ ಹರಿಗೋಲು ಮಗುಚಿ ಹಾಕಿ
ಕೆಂಡಗಣ್ಣ ಬೀಡಿ ಸೇದುತ್ತ ಕೂತಿದ್ದ.
ಅಪ್ಪ ಬಿಳಿ ಬಟ್ಟೆಯಲ್ಲಿ ಇಳಿದ, ಕೈ ಎತ್ತಿದ, ಮಾತು ಹೇಳಿದ,
ಹನೋಕನನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದ.

ಕಾಲಿನ ಹೆಬ್ಬೆರಳು ಮೇಲೆ ಬಂತು.
ದಡದಲ್ಲಿ ನಿಂತ ಸಾಕ್ಷಿಗಳಿಬ್ಬರೂ ತಲೆ ಅಲ್ಲಾಡಿಸಿದರು.
ಮೈಯೆಲ್ಲ ಮುಳುಗಬೇಕು, ಕೂದಲ ತುದಿಯೂ ಉಳಿಯಬಾರದು.
ಮತ್ತೆ ಮಾತು. ಮತ್ತೆ ಮುಳುಗು.
ಈ ಸಲ ಮೊಣಕಾಲೇ ಬಂತು, ಪುಟ್ಟ ಬೋಳು ಗುಡ್ಡದ ಹಾಗೆ.

"ಇನ್ನೆಷ್ಟು ಸಲ ಸ್ವಾಮಿ?" ಕೆಂಡಗಣ್ಣ ತಡೆಯಲಾರದೆ ಕೇಳಿದ,
"ಎಂಟು ವರ್ಷದ ಮಗ, ಅಷ್ಟೊಂದು ಪಾಪ ಏನು ಮಾಡದೆ?"
ಚೌಕಾಬಾರ ನೆನಪಾಗಿ ನಾನು ನಕ್ಕೆ, ಅಮ್ಮ ಚಿವುಟಿದಳು.
ಅವನು ಬೀಡಿ ಕಿವಿಗೆ ಸಿಕ್ಕಿಸಿ ನೀರಂಚಿಗೆ ಬಂದ.
"ಮಂಡಿ ಮಡಚಪ್ಪ ಮರಿ,
ಹೊಳೆ ಮುಂದೆ ಸೆಟೆದು ನಿಲ್ಲಬಾರದು."

ಮಂಡಿ ಮಡಚಿದ.
ನೀರು ಅವನ ಮೇಲೆ ಸದ್ದಿಲ್ಲದೆ ಮುಚ್ಚಿಕೊಂಡಿತು.
ಒಂದು ಕ್ಷಣ ಅಲ್ಲಿ ಅಪ್ಪನೊಬ್ಬನೇ ಇದ್ದ,
ಬರೀ ನೀರನ್ನು ಹಿಡಿದುಕೊಂಡು.

ಆಮೇಲೆ ಕೆಮ್ಮು, ಟವೆಲ್ಲು, ಚಪ್ಪಾಳೆ, ಪುಳಿಯೋಗರೆ.
ಅಜ್ಜಿ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿ
"ಆ ಪುಣ್ಯಾತ್ಮನಿಗೆ ಕೊಡು" ಅಂದರು.
ಒದ್ದೆ ಬಟ್ಟೆಯಲ್ಲೇ ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು
ಬಂಡೆಯಿಂದ ಬಂಡೆಗೆ ಕಾಲಿಟ್ಟು ಹೋದ.
ಒಂದು ಹನಿ ಚೆಲ್ಲಲಿಲ್ಲ.
ಹಬೆ ಮಾತ್ರ ಮುಖಕ್ಕೆ ಬಡಿಯುತ್ತಿತ್ತು,
ಅವನೇನೂ ಮುಖ ತಿರುಗಿಸಲಿಲ್ಲ.

ದಿನಚರಿ ಬರೆಯಬೇಕೆಂಬುದು ಅಮ್ಮನ ಕಟ್ಟಪ್ಪಣೆ,
ನಾಳೆ ನಿಮ್ಮ ಮೊಮ್ಮಕ್ಕಳು ಓದುತ್ತಾರೆ ಎನ್ನುತ್ತಿದ್ದಳು.
ಮೊನ್ನೆ ಸಂಡಿಗೆ ಡಬ್ಬಿಗಳ ಹಿಂದೆ ಸಿಕ್ಕಿತು ಹನೋಕನ ಪುಸ್ತಕ.
ಆ ಶನಿವಾರದ ಕೆಳಗೆ ಸೀಸದಕಡ್ಡಿಯಲ್ಲಿ:
"ನೀರು ತಣ್ಣಗಿತ್ತು. ಮೀನು ಕಚ್ಚಿತು.
ಕಲ್ಲಂಗಡಿ ಬಿಳೀದು ಬಂತು, ಸಿಹಿ ಇರಲಿಲ್ಲ.
ಅಪ್ಪ ಮೂರು ಸಲವೂ ಕೈ ಬಿಡಲಿಲ್ಲ."